ಉಪಗೂಹನದ ಮುಂದಿನ ಅಂಗ

ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ಊರಿಗೆ ಮರಳಿ ಆರು ತಿಂಗಳಾಗಿದೆ. ಕೋಣೆಯಿಂದ ಹೊರಬರುವುದಿಲ್ಲ, ರಾತ್ರಿ ನಿದ್ರೆಯಿಲ್ಲ, ಊಟಕ್ಕೆ ಕುಳಿತರೆ ಎರಡು ತುತ್ತಿಗೆ ಏಳುತ್ತಾನೆ. ನೆಂಟರು ವಿಚಾರಿಸಿದರೆ ತಾಯಿ, 'ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾನೆ' ಎನ್ನುತ್ತಾರೆ. ತಂದೆ ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರ ಸನ್ನಿಧಿಯಲ್ಲಿ ಹರಕೆ ಹೊತ್ತು ಬಂದಿದ್ದಾರೆ. ಮನೋವೈದ್ಯರ ಮಾತೆತ್ತಿದ ತಂಗಿಗೆ ದೊರೆತ ಉತ್ತರ ಒಂದೇ: 'ಮೊದಲು ನಿನ್ನ ಮದುವೆಯಾಗಲಿ, ಆಮೇಲೆ ನೋಡೋಣ.'

ಇಂತಹ ಮನೆ ಯಾವುದೋ ಒಂದು ಊರಿನದಲ್ಲ, ಒಂದು ಸಮಾಜದ್ದೂ ಅಲ್ಲ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂತಹ ಸಾಮಾನ್ಯ ಮನೋವ್ಯಾಧಿಗಳುಳ್ಳವರಲ್ಲಿ ಶೇಕಡಾ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ, ನಾಚಿಕೆ ಮತ್ತೊಂದು.

ಶ್ರಾವಕರ ಮನೆಗಳಲ್ಲಿ ಈ ನಾಚಿಕೆಯು ಧರ್ಮದ ಮಾತನ್ನೇ ಆಡುತ್ತದೆ ಎಂಬುದು ವಿಷಾದದ ಸಂಗತಿ. 'ಇದು ಕರ್ಮೋದಯ, ಅನುಭವಿಸಲೇಬೇಕು' ಎನ್ನುವುದುಂಟು. ಅಸಾತಾವೇದನೀಯದ ಉದಯವೇ ಆಗಿರಲಿ. ಸಕ್ಕರೆ ಕಾಯಿಲೆಯೂ ಅದೇ ಕರ್ಮದ ಫಲವಲ್ಲವೇ? ಆ ಕಾರಣಕ್ಕೆ ಇನ್ಸುಲಿನ್ ತ್ಯಜಿಸಿದವರು ಕಾಣಸಿಗುವುದಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಸೇರಿಸಿದ ಪೂರ್ವಾಚಾರ್ಯರಿಗೆ ಕರ್ಮಸಿದ್ಧಾಂತ ತಿಳಿಯದೆ ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಉಪಗೂಹನದ ನೆಪ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದಾದ ಉಪಗೂಹನವೆಂದರೆ ಮನೆಯ ಕಷ್ಟವನ್ನು ಮುಚ್ಚಿಡುವುದು ಎಂದೇ ಅನೇಕರ ಭಾವನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವುದು ಬೇರೆ. ಅರಿವಿಲ್ಲದವರ, ಅಶಕ್ತರ ತಪ್ಪಿನಿಂದ ಶುದ್ಧವಾದ ಮಾರ್ಗಕ್ಕೆ ತಗಲುವ ನಿಂದೆಯನ್ನು ನಿವಾರಿಸುವುದೇ ಉಪಗೂಹನ. ಅದು ದೋಷಕ್ಕೆ ಸಂಬಂಧಿಸಿದ್ದು. ಕಾಯಿಲೆ ದೋಷವೇ ಅಲ್ಲದಿರುವಾಗ ಮುಚ್ಚುವುದೇನನ್ನು? ಅಲ್ಲದೆ, ಆಚಾರ್ಯರು ಅಲ್ಲಿಗೇ ನಿಲ್ಲಲಿಲ್ಲ; ಅದರ ಬೆನ್ನಿಗೇ ಆರನೆಯ ಅಂಗವಾಗಿ ಸ್ಥಿತಿಕರಣವನ್ನು, ಅಂದರೆ ಜಾರುತ್ತಿರುವವರನ್ನು ಹಿಡಿದು ಮತ್ತೆ ನೆಲೆಗೊಳಿಸುವುದನ್ನು, ಹೇಳಿದರು.

ಈ ಅಂಗಕ್ಕೆ ವಾರಿಷೇಣ ಮುನಿಗಳು ಉದಾಹರಣೆ. ಅವರ ಬಾಲ್ಯಮಿತ್ರ ದೀಕ್ಷೆ ಪಡೆದು ವರ್ಷಗಳೇ ಕಳೆದರೂ ಬಿಟ್ಟುಬಂದ ಹೆಂಡತಿಯನ್ನು ನೆನೆದು ಒಳಗೊಳಗೇ ಕೊರಗುತ್ತಿದ್ದ. ಹೊರಗಿನ ಆಚರಣೆಗಳೆಲ್ಲ ನಡೆಯುತ್ತಿದ್ದವು. ವಾರಿಷೇಣರು ಆತನನ್ನು ಸಂಘದ ನಡುವೆ ಹೀಯಾಳಿಸಲಿಲ್ಲ, ಕಂಡೂ ಕಾಣದಂತೆ ಇರಲೂ ಇಲ್ಲ. ತಾವೇ ಜೊತೆಯಲ್ಲಿ ಕರೆದುಕೊಂಡು ಹೋಗಿ ಆ ಕೊರಗನ್ನು ಕೊನೆಗಾಣಿಸಿದರು. ಸ್ಥಿತಿಕರಣವು ಶಾಸ್ತ್ರದಲ್ಲಿ ಶ್ರದ್ಧೆ ಮತ್ತು ಚಾರಿತ್ರಗಳಿಂದ ಜಾರುವವರ ವಿಷಯ, ರೋಗಿಗಳದಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆದರೆ ನಿದ್ರೆಯೂ ಹಸಿವೂ ಕೆಟ್ಟ ಹುಡುಗನು ಸಾಮಾಯಿಕದಲ್ಲಿ ನಿಲ್ಲುವುದಾದರೂ ಹೇಗೆ?

'ಪರರ ಮುಂದೆ ಮನೆಯ ಗುಟ್ಟು ಹೇಳುವುದೇ?' ಎಂಬ ಅಂಜಿಕೆ ಉಳಿಯುತ್ತದೆ. ಮುನಿಗಳಿಗೂ ಆಲೋಚನೆ ಎಂಬ ಕ್ರಮವಿದೆ: ಗುರುವಿನ ಮುಂದೆ ಮನಸ್ಸನ್ನು ತೆರೆದಿಡುವುದು. ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯು ಅದರ ಹತ್ತು ದೋಷಗಳನ್ನು ಹೇಳುತ್ತದೆ. ಪರರ ಕಣ್ಣಿಗೆ ಬಿದ್ದುದನ್ನಷ್ಟೇ ಹೇಳಿ ಉಳಿದುದನ್ನು ಬಚ್ಚಿಡುವುದು ಅವುಗಳಲ್ಲಿ ಒಂದು. ಕೇಳುವ ಆಚಾರ್ಯರಿಗೂ 'ಅಪರಿಸ್ರಾವಿ' ಗುಣವಿರಬೇಕು. ಕಿವಿಗೆ ಬಿದ್ದುದು ಬಾಯಿಂದ ಸೋರಬಾರದು. ವೈದ್ಯರು ಗುರುಗಳಲ್ಲ, ಆಪ್ತಸಮಾಲೋಚನೆ ಪ್ರಾಯಶ್ಚಿತ್ತವೂ ಅಲ್ಲ. ಆದರೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಮಾನ್ಯ ಮಾಡಿದೆ. ನೆಂಟರ ನಾಲಗೆಗೆ ಅಂಜಿದ ಮನೆಗೆ ವೈದ್ಯರ ಕೋಣೆಗಿಂತ ಸುರಕ್ಷಿತವಾದ ಜಾಗ ಯಾವುದಿದೆ? ಅಲ್ಲಿಗೂ ಹೋಗಲಾಗದವರಿಗೆ ಸರ್ಕಾರದ 'ಟೆಲಿ ಮಾನಸ್' ಇದೆ. 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಮಹಾವೀರ ಜಯಂತಿಯಂದು ಅನೇಕ ಊರುಗಳ ಸಮಾಜದವರು ಔಷಧದಾನದ ಹೆಸರಿನಲ್ಲಿ ನೇತ್ರ ಪರೀಕ್ಷೆ, ರಕ್ತದಾನ ಶಿಬಿರಗಳನ್ನು ನಡೆಸುತ್ತಾರೆ. ಮುಂದಿನ ಜಯಂತಿಗೆ ಒಬ್ಬ ಮನೋವೈದ್ಯರನ್ನೂ ಕರೆಯಲಿ. ಅವರಿಗೆ ಪ್ರತ್ಯೇಕ ಫಲಕ ಬೇಡ. ಕಣ್ಣಿನ ವೈದ್ಯರ ಪಕ್ಕದ ಕೋಣೆಯಲ್ಲಿ ಕೂರಿಸಿದರೆ, ಯಾರು ಯಾವ ಬಾಗಿಲು ದಾಟಿದರೆಂದು ಎಣಿಸುವವರಿಗೂ ತಿಳಿಯದು.