ಟರ್ಬೈನ್ ಕಾರು: ಗುಣ ಮತ್ತು ದೋಷ

ಹೊಸದೆಲ್ಲವೂ ಹಿತಕರವೆಂದು ಕೊಂಡಾಡುವುದು ಎಷ್ಟು ತಪ್ಪೋ, ಬಳಕೆಗೆ ಬಾರದುದೆಲ್ಲವೂ ವ್ಯರ್ಥವೆಂದು ಹಳಿಯುವುದೂ ಅಷ್ಟೇ ತಪ್ಪು. ಯಂತ್ರವೊಂದರ ಯೋಗ್ಯತೆಯನ್ನು ಅದು ಮಾಡಬೇಕಾದ ಕೆಲಸದಿಂದ ಅಳೆಯಬೇಕು. ಈ ಮಾತಿಗೆ ಟರ್ಬೈನ್ ಎಂಜಿನ್ನಿನ ಕಾರು ಒಳ್ಳೆಯ ನಿದರ್ಶನ.

ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಹಿಂದೆ ಮುಂದೆ ಚಲಿಸುತ್ತವೆ. ಆ ಚಲನೆಯನ್ನು ಚಕ್ರದ ತಿರುಗುವಿಕೆಯಾಗಿ ಮಾರ್ಪಡಿಸಬೇಕಾಗುತ್ತದೆ. ಟರ್ಬೈನಿನಲ್ಲಾದರೋ, ಒತ್ತಿ ತುಂಬಿದ ಗಾಳಿಯಲ್ಲಿ ಇಂಧನ ಉರಿದು, ಹೊಮ್ಮುವ ಬಿಸಿ ಅನಿಲವು ಅಲಗುಗಳುಳ್ಳ ಚಕ್ರವನ್ನು ನೇರವಾಗಿ ತಿರುಗಿಸುತ್ತದೆ. ವಿಮಾನಗಳಿಗೆ ಒಗ್ಗಿದ ಈ ತತ್ತ್ವವನ್ನು ಇಂಗ್ಲೆಂಡಿನ ರೋವರ್ ಸಂಸ್ಥೆಯು 1950ರಲ್ಲಿ ಕಾರಿಗೆ ಅಳವಡಿಸಿ ತೋರಿಸಿತು. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು ಇನ್ನೂ ಮುಂದೆ ಹೋಗಿ, 1963ರಿಂದ 1966ರವರೆಗೆ ಇಂತಹ 50 ಕಾರುಗಳನ್ನು 203 ಮಂದಿ ನಾಗರಿಕರಿಗೆ ಸರದಿಯಂತೆ ಸುಮಾರು ಮೂರು ತಿಂಗಳು ಕೊಟ್ಟು ಪರೀಕ್ಷಿಸಿತು. ಅವು ಒಟ್ಟು 10 ಲಕ್ಷ ಮೈಲಿಗಳಿಗೂ ಹೆಚ್ಚು ದೂರ ಓಡಿದವು.

ಈ ಎಂಜಿನ್ನಿನ ಗುಣಗಳು ಅಲ್ಪವಲ್ಲ. ಚಲಿಸುವ ಭಾಗಗಳು ಕಡಿಮೆಯಾದುದರಿಂದ ಸವೆತ ಕಡಿಮೆ. ಅದುರುವಿಕೆ ಇಲ್ಲವೆನ್ನುವಷ್ಟು ಅಲ್ಪ. ತಂಪುಗೊಳಿಸಲು ನೀರು ಬೇಡ. ಸೀಮೆಎಣ್ಣೆ, ಡೀಸೆಲ್ ಮೊದಲಾದ ಬಗೆಬಗೆಯ ಇಂಧನಗಳಿಂದ ಅದು ನಡೆಯಬಲ್ಲದು.

ಆದರೆ ದೋಷಗಳನ್ನೂ ತೂಗಬೇಡವೇ? ಕಾರು ನಿಂತಿರುವಾಗಲೂ ಟರ್ಬೈನು ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುತ್ತ ಇಂಧನವನ್ನು ನುಂಗುತ್ತಿರುತ್ತದೆ. ವೇಗವರ್ಧಕವನ್ನು ತುಳಿದರೆ ಬಲವು ಕ್ಷಣಕಾಲ ತಡವಾಗಿ ಬರುತ್ತದೆ. ತೀವ್ರ ಶಾಖವನ್ನು ತಾಳಬಲ್ಲ ಮಿಶ್ರಲೋಹಗಳು ದುಬಾರಿಯಾದವು. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವುದೂ ಕಷ್ಟವಾಯಿತು.

ಇನ್ನಷ್ಟು ಹಣ, ಇನ್ನಷ್ಟು ತಾಳ್ಮೆ ಇದ್ದಿದ್ದರೆ ಈ ಕಾರು ಗೆಲ್ಲುತ್ತಿತ್ತೆಂದು ವಾದಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ದೀರ್ಘಕಾಲ ಒಂದೇ ಸಮನೆ ದುಡಿಯುವುದು ಟರ್ಬೈನಿನ ಸ್ವಭಾವ. ನಾಲ್ಕು ದಾರಿ ಕೂಡುವಲ್ಲೆಲ್ಲ ನಿಂತು, ಮತ್ತೆ ಹೊರಡುವುದು ಕಾರಿನ ಪಾಡು. ಈ ವಿರೋಧವನ್ನು ಹಣ ತಗ್ಗಿಸೀತೇ ಹೊರತು ಅಳಿಸಲಾರದು. ಅದೇ ಯಂತ್ರವು ವಿಮಾನದಲ್ಲಿಯೂ ವಿದ್ಯುತ್ ಸ್ಥಾವರದಲ್ಲಿಯೂ ಇಂದಿಗೂ ಸಮರ್ಥವಾಗಿ ದುಡಿಯುತ್ತಿದೆ. ಸೂಜಿಯ ಕೆಲಸಕ್ಕೆ ಒದಗದ ಕೊಡಲಿಯನ್ನು ಕೆಟ್ಟ ಆಯುಧವೆನ್ನಬಹುದೇ?

ಹಾಗೆಂದು ಆ ಪ್ರಯೋಗ ವ್ಯರ್ಥವಾಯಿತೆಂದು ತಿಳಿಯಬಾರದು. ಸಾವಿರಾರು ಕಾರುಗಳನ್ನು ಮಾರಿದ ಮೇಲೆ ಪರಿತಪಿಸುವುದಕ್ಕಿಂತ, ಕೆಲವನ್ನು ಜನರ ಕೈಗೆ ಕೊಟ್ಟು ಮೊದಲೇ ಸತ್ಯವನ್ನು ಅರಿಯುವುದು ವಿವೇಕ. ಪರೀಕ್ಷೆ ಮುಗಿದ ಬಳಿಕ ಆ ಕಾರುಗಳಲ್ಲಿ ಹೆಚ್ಚಿನವನ್ನು ನಾಶಪಡಿಸಲಾಯಿತು. ಕೆಲವು ಮಾತ್ರ ಉಳಿದಿವೆ. ‘ಇದು ಎಲ್ಲಿಗೆ ಒಗ್ಗುತ್ತದೆ, ಎಲ್ಲಿಗೆ ಒಗ್ಗದು?’ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಕೊಟ್ಟ ಪ್ರಯೋಗವು, ಸೋತರೂ ಗೆದ್ದಂತೆಯೇ ಸರಿ.