ಟ್ರೀಟ್‌ಮೆಂಟ್ ಮುಗೀತು, ಇನ್ನ ರೊಟ್ಟಿ ಬಡಿ ಅನ್ನೋರಿಗೆ

"ಎಲ್ಲಾ ಮುಗೀತಲ್ಲ, ಇನ್ನೇನು, ಆರಾಮಾದ್ಲು." ಈ ಮಾತು ಕೇಳಿದ್ರ ನನಗ ಮೈ ಉರೀತದ ನೋಡ್ರಿ. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಹೆಣ್ಣುಮಕ್ಳು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿಗೋ, ಬೆಂಗಳೂರಿನ ಕಿದ್ವಾಯಿಗೋ ಹೋಗ್ತಾರ. ಆಪರೇಷನ್, ಕಿಮೋ, ಕರೆಂಟು ಎಲ್ಲಾ ಮುಗಿಸಿ ಜೀವ ಉಳಿಸಿಕೊಂಡು ಮನಿಗೆ ಬರ್ತಾರ. ಬಂದು ಎಂಟು ದಿನ ಆಗಿರೂದಿಲ್ಲ, ಆಕಿ ಮುಂದ ಜ್ವಾಳದ ಹಿಟ್ಟಿನ ಬುಟ್ಟಿ ತಂದಿಡ್ತಾರ!

ಗಂಡಸರಿಗೆ ಇದೇ ಬ್ಯಾನಿ ಬಂದ್ರ ಹೆಂಡ್ತಿ ವರ್ಷಗಟ್ಟಲೆ ಗಂಜಿ ಕಾಸಿ ಕೊಡ್ತಾಳ, ಬಾಗಲ ದಾಟಾಕ ಬಿಡೂದಿಲ್ಲ. ಆಕಿಗೇ ಬಂದ್ರ? ತವರಮನಿಯವರು ಬಂದು ಹದಿನೈದು ದಿನ ಇದ್ದು ಹೋದ್ರ ಮುಗೀತು ಲೆಕ್ಕ.

ಒಂದು ಮಾತು ತಿಳ್ಕೋರಿ. ಎದಿ ಕ್ಯಾನ್ಸರ್ ಆಪರೇಷನ್ದಾಗ ಭಾಳ ಸಲ ಬಗಲಾಗಿನ ಗಂಟುಗಳನ್ನೂ ತಗೀತಾರ. ಕೈಯಾಗಿನ ನೀರು ಇಳಿಯೂ ದಾರಿ ಅದು. ದಾರಿ ಹೋದ ಮ್ಯಾಲೆ ಕೈಯಾಗ ನೀರು ನಿಂತು ಬಾವು ಬರಬಹುದು, ಆಪರೇಷನ್ ಆಗಿ ಎಷ್ಟೋ ವರ್ಷದ ಮ್ಯಾಲೂ ಬರಬಹುದು. ಆ ಕೈ ಹಂಚಿಗೆ ಸುಟ್ಟರ, ಈಳಿಗಿಗೆ ಕೊಯ್ದರ ಲಗೂನ ನಂಜಾಗತದ. ಅದೇ ಕೈಯಿಂದ ತುಂಬಿದ ಕೊಡ ಎತ್ತಸ್ತೀರಿ, ಮೂವತ್ತು ರೊಟ್ಟಿ ಬಡಸ್ತೀರಿ. ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಬಿಡಿಸೂ ಕೂಲಿಗೆ ಕಳಸ್ತೀರಿ. ಇದು ಸಂಸಾರ ಏನ್ರಿ?

ಇನ್ನ ದಣಿವು. ಅದು ಒಂದ್ ರಾತ್ರಿ ಮಲಗಿ ಎದ್ದರ ಹೋಗೂ ದಣಿವಲ್ಲ. ತಿಂಗಳಾನುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರತದ. ಅದನ್ನ ನೋಡಿ "ಮೈಗಳ್ಳಿ" ಅಂತಾರ. "ನಾವು ಹಡೆದ ಮೂರನೇ ದಿನಕ್ಕ ಎದ್ದು ಕೆಲಸ ಮಾಡೀವಿ" ಅಂತ ಹಿರೇರು ಹೇಳ್ತಾರ. ಮಾಡೀರಿ, ಖರೆ. ಆದ್ರ ಅದು ನಿಮಗಾದ ಅನ್ಯಾಯ, ಅದನ್ನ ಸೊಸಿಗೆ ಬಳುವಳಿ ಕೊಡೂದು ಯಾವ ನ್ಯಾಯ?

ಇನ್ನ ಕೆಲವರು, "ಕೆಲಸ ಮಾಡಿದ್ರ ಆಕಿ ಮನಸ್ಸು ಹಗುರಾಗತದ" ಅಂತಾರ. ಇದ್ರಾಗ ಅರ್ಧ ಖರೆ ಐತಿ. ದಿನಾ ಸ್ವಲ್ಪ ಅಡ್ಡಾಡಬೇಕು, ಕೈಗೆ ಹೇಳಿಕೊಟ್ಟ ವ್ಯಾಯಾಮ ಮಾಡಬೇಕು ಅಂತ ಡಾಕ್ಟರೇ ಹೇಳ್ತಾರ. ಆದ್ರ ಯಾವ ಕೆಲಸ, ಎಷ್ಟು, ಯಾವಾಗ ಅನ್ನೂದನ್ನ ಆಕಿ ಹೇಳಬೇಕು, ನಾವಲ್ಲ.

ನನಗ ಹೆಚ್ಚು ಸಿಟ್ಟು ಬರೂದು ಇದಕ್ಕ: ಕೆಲವು ಮನ್ಯಾಗ ಆಕಿ ತಾಟು-ಲೋಟ ಬ್ಯಾರೆ ಇಡ್ತಾರ, ಮುತ್ತೈದಿ ಆದ್ರೂ ಉಡಿ ತುಂಬಾಕ ಕರಿಯೂದಿಲ್ಲ. ಆದ್ರ ಆಕಿ ಬಡಿದ ರೊಟ್ಟಿ ಮಾತ್ರ ಬೇಕು! ಕ್ಯಾನ್ಸರ್ ಮುಟ್ಟಿದ್ರ, ಕೂಡಿ ಉಂಡ್ರ ಹತ್ತೂದಿಲ್ಲ. ಹತ್ತೂದು ಏನಿದ್ರೂ ನಮ್ಮ ಮಾತಿನ ವಿಷ.

ಸರಕಾರದ ಆಯುಷ್ಮಾನ್ ಕಾರ್ಡಿನ್ಯಾಗ ಬಿಪಿಎಲ್ ಮನಿತನಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ ಐತಿ. ಆದ್ರ ಒಲಿ ಕೆಲಸಕ್ಕ ರಜಾ ಯಾವ ಕಾರ್ಡಿನ್ಯಾಗೂ ಬರದಿಲ್ಲ. ಅದನ್ನ ಮನಿಯವರೇ ಕೊಡಬೇಕು. 2023ರ ಜೂನಿನಿಂದ ಹೆಣ್ಣುಮಕ್ಳಿಗೆ ಬಸ್ ಪುಕ್ಕಟೆ ಆತು. ಈಗ ಗಂಡಂದೊಂದು ಟಿಕೆಟ್ ಉಳಸಾಕ ಆಕಿ ಒಬ್ಬಾಕಿನ್ನೇ ಚೆಕಪ್‌ಗೆ ಹುಬ್ಬಳ್ಳಿಗೆ ಕಳಸ್ತಾರ. ರೈಲಿನ್ಯಾಗ ಚಿಕಿತ್ಸೆಗೆ, ಚೆಕಪ್‌ಗೆ ಹೋಗೂ ಕ್ಯಾನ್ಸರ್ ರೋಗಿಗೆ ಡಾಕ್ಟರ್ ಸರ್ಟಿಫಿಕೇಟ್ ಇದ್ರ ಸ್ಲೀಪರ್ ಟಿಕೆಟ್ ಪೂರ್ತಿ ಮಾಫಿ, ಜೋಡಿ ಹೋಗೂವರಿಗೂ ನೂರಕ್ಕ 75 ಮಾಫಿ. ಮೂರೂ ಊರಾಗ ಸ್ಟೇಷನ್ ಐತಿ. ನೆವ ಹೇಳಬ್ಯಾಡ್ರಿ, ಜೋಡಿ ಹೋಗ್ರಿ.

ಗುಳಿಗಿ ಮಾತೂ ಅಷ್ಟೇ. ಎದಿ ಕ್ಯಾನ್ಸರ್ ಆದ ಕೆಲವರಿಗೆ 5 ವರ್ಷ, ಅದಕ್ಕೂ ಹೆಚ್ಚು ಗುಳಿಗಿ ಕೊಡ್ತಾರ. "ಆರಾಮಾಗೀಯಲ್ಲ, ಇನ್ನ ಯಾಕ ಖರ್ಚು" ಅಂತ ನಡುವ ಬಿಡಸಿದ್ರ ಆಕಿ ಜೀವದ ಜೋಡಿ ಆಟ ಆಡಿದಂಗ.

ಅದಕ, ನೋಡಾಕ ಹೋಗೂವರು ಬಾಳೆಹಣ್ಣು ಹಿಡಕೊಂಡು ಹೋಗಿ "ಯಾವ ಸ್ಟೇಜ್ ಇತ್ತು?" ಅಂತ ಕೇಳೂದು ಬಿಡ್ರಿ. ಇಪ್ಪತ್ತು ರೊಟ್ಟಿ ಬಡಕೊಂಡು ಹೋಗ್ರಿ. ಎರಡು ಕೊಡ ನೀರು ತುಂಬಿಟ್ಟು ಬರ್ರಿ. ಗಂಡಸರಿಗೆ ರೊಟ್ಟಿ ಬಡಿಯಾಕ ಬರೂದಿಲ್ಲಂದ್ರ ಅನ್ನಕ್ಕ ಇಡಾಕರ ಕಲೀರಿ. ಕುಕ್ಕರ್ ಸೀಟಿ ಹೊಡಿಯಾಕ ಹೆಣ್ಣು ಗಂಡು ಅಂತ ನೋಡೂದಿಲ್ಲ.