ಕುಡತಿನಿಯ ಕೆಮ್ಮಿಗೆ ಕೇಳಬೇಕಾದ ಪ್ರಶ್ನೆ

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ, ಕುಡತಿನಿ ಮತ್ತು ತೋರಣಗಲ್ಲಿನ ನಡುವೆ ರಸ್ತೆಯ ಮಗ್ಗುಲಲ್ಲೇ ಒಂದು ಬೂದಿದಿಬ್ಬ ಸಿಗುತ್ತದೆ. ನವಶಿಲಾಯುಗದ ಜನ ಬಿಟ್ಟುಹೋದದ್ದು. ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಈ ದಿಬ್ಬದ ಬಗ್ಗೆ ಬರೆದ. ಆಮೇಲೆ ಬಂದವರು ತಲೆಗೊಂದು ಮಾತು ಹೇಳಿದರು. ಜ್ವಾಲಾಮುಖಿಯ ಬೂದಿ ಎಂದವರಿದ್ದರು, ಕುಲುಮೆಯ ಕಿಟ್ಟ ಎಂದವರಿದ್ದರು, ಸಾಮೂಹಿಕ ಚಿತೆಯದು ಎಂದವರೂ ಇದ್ದರು. ಬೂದಿಯನ್ನಷ್ಟೇ ನೋಡಿದವರಿಗೆ ಉತ್ತರ ಸಿಗಲಿಲ್ಲ. ಇಲ್ಲಿದ್ದ ಜನ ಏನು ಮಾಡಿಕೊಂಡಿದ್ದರು ಎಂದು ಕೇಳಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಅವರು ದನ ಕಾಯುವವರು, ಇದು ದನದ ಹಟ್ಟಿಯ ಸಗಣಿ ಸುಟ್ಟ ಬೂದಿ ಎಂಬುದು ಹೊಳೆಯಿತು. ಬಳ್ಳಾರಿ ಸೀಮೆಯ ದಿಬ್ಬಗಳ ಬೂದಿಯನ್ನು ಪ್ರಯೋಗಾಲಯಕ್ಕೆ ಒಯ್ದು ಝೂನರ್ ಎಂಬ ವಿಜ್ಞಾನಿ ಅದನ್ನು ದೃಢಪಡಿಸಿದ್ದು 1960ರಲ್ಲಿ. ತೆಲುಗು ಸೀಮೆಯ ಉತ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತು.

ಕುಡತಿನಿಗೆ ಈಗ ಇನ್ನೊಂದು ಬೂದಿ ಇದೆ. ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಊರವರ ಬಾಯಲ್ಲಿ ಬಿಟಿಪಿಎಸ್, ಇರುವುದು ಇಲ್ಲೇ. ಮೂರು ಘಟಕ, ಒಟ್ಟು 1,700 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲು ಉರಿದರೆ ಸುಮಾರು ಮೂರನೇ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಆಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸುತ್ತಮುತ್ತ ಮೆದುಕಬ್ಬಿಣದ ಘಟಕಗಳು, ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು. ಈ ಪ್ರದೇಶದಲ್ಲಿ ಉಸಿರಾಡುವವನ ಎದೆಯೊಳಗೆ ಏನು ಹೋಗುತ್ತಿದೆ ಎಂಬುದು ಊರಿನ ಎಲ್ಲರಿಗೂ ಗೊತ್ತು. ಆದರೆ ಆಸ್ಪತ್ರೆಯ ಹೊರರೋಗಿ ಚೀಟಿಗೆ ಗೊತ್ತಿಲ್ಲ. ಆ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆಯುತ್ತಾರೆ. ಉದ್ಯೋಗದ ಜಾಗ ಇದ್ದರೂ ಅಲ್ಲಿ ‘ಕೂಲಿ’ ಎಂದು ಬೀಳುತ್ತದೆ. ಬೂದಿ ತುಂಬುವ ಕೂಲಿಯೋ, ಕಲ್ಲು ಕೊರೆಯುವ ಕೂಲಿಯೋ, ಭತ್ತ ನಾಟಿಯ ಕೂಲಿಯೋ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ ಕಸುಬುಗಳ ರೋಗಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದ. ರೋಗಿಗೆ ಕೇಳಬೇಕಾದ ಹಳೆಯ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿ ಎಂದು ಅವನು ಅದರಲ್ಲಿ ಕೇಳಿಕೊಂಡ: ನಿನ್ನ ಕೆಲಸ ಏನು? ಮುನ್ನೂರು ವರ್ಷ ದಾಟಿದೆ. ನಮ್ಮ ಜಿಲ್ಲೆಯಲ್ಲಿ ಆ ಪ್ರಶ್ನೆ ಇನ್ನೂ ಚೀಟಿಯ ಮೇಲೆ ಸರಿಯಾಗಿ ಇಳಿದಿಲ್ಲ.

ನರ್ಸಿಂಗ್ ಓದುವ ಹುಡುಗಿಯರು, ಪ್ಯಾರಾಮೆಡಿಕಲ್ ಓದುವ ಹುಡುಗರು, ಆಶಾ ಕಾರ್ಯಕರ್ತೆಯರು ರೋಗಗಳನ್ನು ಅಂಗವ್ಯೂಹದ ಪ್ರಕಾರ ಕಲಿಯುತ್ತಾರೆ. ಉಸಿರಾಟಕ್ಕೆ ಅಸ್ತಮಾ, ನ್ಯುಮೋನಿಯಾ, ಕ್ಷಯ. ರಕ್ತ ಪರಿಚಲನೆಗೆ ಬಿ.ಪಿ., ಹೃದಯಾಘಾತ. ಜೀರ್ಣಾಂಗಕ್ಕೆ ಹುಣ್ಣು, ಕಾಮಾಲೆ, ವಾಂತಿ-ಭೇದಿ. ನರಕ್ಕೆ ಮೂರ್ಛೆ, ಪಾರ್ಶ್ವವಾಯು. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ, ಅದನ್ನು ಕಲಿಯಲೇಬೇಕು. ತೊಂದರೆ ಆಮೇಲೆ ಬರುತ್ತದೆ. ರೋಗಿ ಅಧ್ಯಾಯದ ಪ್ರಕಾರ ಬರುವುದಿಲ್ಲ. ‘ಎದಿ ಹಿಡಿದಂಗ ಆಗೈತ್ರಿ, ಗ್ಯಾಸ್ ಆಗಿರಬೇಕು’ ಎನ್ನುತ್ತಾನೆ. ‘ದಮ್ಮು ಹತ್ತತೈತ್ರಿ’ ಎನ್ನುತ್ತಾಳೆ. ‘ನಿಶ್ಶಕ್ತಿ ಐತಿ, ಒಂದು ಬಾಟ್ಲಿ ಏರಿಸ್ರಿ’ ಎನ್ನುತ್ತಾರೆ. ಒಂದು ಅಂಗದ ಮಾತಿನಲ್ಲಿ ಇನ್ನೊಂದು ಅಂಗದ ಕಾಯಿಲೆ ಮಾತಾಡುತ್ತಿರುತ್ತದೆ.

ಸಿರುಗುಪ್ಪದ ಕಡೆಯ ಭತ್ತದ ಗದ್ದೆಗಳನ್ನೇ ನೋಡಿ. ತುಂಗಭದ್ರಾ ಕಾಲುವೆಯ ನೀರು, ಇಲಿ, ಇಲಿಯ ಹಿಂದೆ ಹಾವು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇಲ್ಲವೆನ್ನುವಷ್ಟು ಕಡಿಮೆ, ಗುರುತೂ ಹಲವು ಸಲ ಕಾಣುವುದಿಲ್ಲ. ಬೆಳಗಿನ ಜಾವ ಎದ್ದವನಿಗೆ ಹೊಟ್ಟೆನೋವು, ವಾಂತಿ. ರಾತ್ರಿಯ ಊಟ ಹಿಡಿಸಲಿಲ್ಲ ಎಂದು ಮನೆಯವರು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ. ಅದು ಹೊಟ್ಟೆಯ ಕಾಯಿಲೆ ಆಗಿರಲೇ ಇಲ್ಲ, ನರಕ್ಕೆ ಹತ್ತಿದ ವಿಷ. ಇನ್ನು ಸ್ವಲ್ಪ ಹೊತ್ತಿಗೆ ಉಸಿರಾಟದ ಸ್ನಾಯುಗಳೂ ಕೈಬಿಡುತ್ತವೆ. ಜೋತ ರೆಪ್ಪೆಯನ್ನು ಗುರುತಿಸಿದ ಒಬ್ಬ ಆಶಾ ಕಾರ್ಯಕರ್ತೆ ಇದ್ದರೆ ಆ ಜೀವ ಉಳಿಯಬಹುದು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಒಳ್ಳೆಯ ಹೆಜ್ಜೆ. ಆದರೆ ಹೊಟ್ಟೆನೋವು ಎಂದು ದಾಖಲಾದ ಕಡಿತ ವರದಿಯಾಗುವುದು ಹೇಗೆ?

ಎದೆಯದೂ ಇದೇ ಕಥೆ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಹೃದಯಾಘಾತ ಎಷ್ಟೋ ಸಲ ಎದೆನೋವಿನ ರೂಪದಲ್ಲಿ ಬರುವುದೇ ಇಲ್ಲ. ಮೇಲ್ಹೊಟ್ಟೆ ಉರಿ, ದವಡೆ ನೋವು, ಬೆವರು, ಸುಸ್ತು ಆಗಿ ಬರುತ್ತದೆ. ಮೆಡಿಕಲ್ ಶಾಪಿನ ಗ್ಯಾಸಿನ ಗುಳಿಗೆಯಲ್ಲಿ ಎರಡು ತಾಸು ಕಳೆಯುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹತ್ತಾರು ಸಾವಿರ ರೂಪಾಯಿ ಬೆಲೆಯ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಇದೆ. ಔಷಧ ಊರ ಹತ್ತಿರಕ್ಕೆ ಬಂದಿದೆ. ಲಕ್ಷಣದ ತಿಳಿವಳಿಕೆ ಅದಕ್ಕಿಂತ ಹಿಂದೆ ಉಳಿಯಿತು.

ಮಂಡಿ, ಸೊಂಟ ಹಿಡಿದುಕೊಂಡವರ ಮಾತು ಬೇರೆಯೇ. ಬಳ್ಳಾರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹೊಸ ಸುದ್ದಿ ಏನೂ ಅಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಅದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಇರುವ ಕಡೆ ದೊಡ್ಡವರ ಬೆನ್ನು, ಕುತ್ತಿಗೆ ಬಿಗಿಯುತ್ತವೆ. ಅದಕ್ಕೆ ‘ವಾಯು’ ಎನ್ನುತ್ತಾರೆ, ನೋವಿನ ಗುಳಿಗೆ ನುಂಗುತ್ತಾರೆ. ನೋವಿನ ಗುಳಿಗೆ ತಿಂಗಳುಗಟ್ಟಲೆ ಮುಂದುವರಿದರೆ ಮೂತ್ರಪಿಂಡಕ್ಕೆ ಪೆಟ್ಟು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ನೀರಿಲ್ಲದೆ ದುಡಿಯುವ ಮೈಗೆ ಆ ಪೆಟ್ಟು ಇನ್ನೂ ಜೋರು. ನೀರಿನಲ್ಲಿ ಶುರುವಾದದ್ದು ಮೂಳೆಗೆ ಹೋಯಿತು, ಔಷಧದ ದಾರಿ ಹಿಡಿದು ಮೂತ್ರಪಿಂಡಕ್ಕೆ ಇಳಿಯಿತು. ಪುಸ್ತಕದಲ್ಲಿ ಇವು ಮೂರು ಬೇರೆ ಅಧ್ಯಾಯಗಳು. ಮನೆಯಲ್ಲಿ ಒಂದೇ ಅಜ್ಜಿ.

‘ದಮ್ಮು’ ಎಂದ ಹೆಣ್ಣುಮಗಳ ಶ್ವಾಸಕೋಶ ಚೆನ್ನಾಗಿಯೇ ಇದ್ದು, ರಕ್ತವೇ ಕಡಿಮೆ ಇರಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ.

ಇಷ್ಟು ಹೇಳಿದ ಮೇಲೆ ಸಾಮಾನ್ಯವಾಗಿ ಬರುವ ಮಾತು: ‘ಜನರಿಗೆ ಅರಿವಿಲ್ಲ, ಅರಿವು ಮೂಡಿಸಬೇಕು.’ ಈ ಮಾತನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಆಧಾರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದು ಅಚ್ಚಾದದ್ದು 1963ರಲ್ಲಿ. ಶ್ವಾಸಕೋಶದ ಕ್ಷಯ ಇದ್ದವರನ್ನು ಮನೆಮನೆಗೆ ಹೋಗಿ ಮಾತಾಡಿಸಿದರು. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳು ಗೊತ್ತಿದ್ದವು. ಹೆಚ್ಚಿನವರಿಗೆ ಅದರ ಚಿಂತೆಯೂ ಹತ್ತಿತ್ತು. ಅರ್ಧಕ್ಕೂ ಮೇಲ್ಪಟ್ಟು ಜನ ಆಗಲೇ ಔಷಧಿ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಕೆಮ್ಮಿನ ಔಷಧದ ಬಾಟ್ಲಿ ಕೊಟ್ಟು ಕಳಿಸಿದ್ದರು. ಕಫ ಪರೀಕ್ಷೆ ಆಗಿರಲಿಲ್ಲ. ದೇಶದ ಕ್ಷಯ ಕಾರ್ಯಕ್ರಮ ಆಸ್ಪತ್ರೆಗೆ ತಾವಾಗಿ ಬರುವ ಕೆಮ್ಮಿನವರನ್ನೇ ಹುಡುಕಬೇಕು ಎಂಬ ತೀರ್ಮಾನಕ್ಕೆ ಬಂದದ್ದರಲ್ಲಿ ಈ ಅಧ್ಯಯನದ ಪಾಲು ದೊಡ್ಡದು. ತುಮಕೂರಿನ ಬಡವರು ಕೆಮ್ಮಿದ್ದರು, ಕೆಮ್ಮುತ್ತಿದ್ದೇವೆ ಎಂದು ಹೇಳಿಯೂ ಇದ್ದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ.

ಕುಡತಿನಿಯ ಕೆಮ್ಮಿಗೆ ಬಂದರೆ ಇದು ಇನ್ನೂ ಗಂಭೀರ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಬೇಕು ಎಂಬ ನಿಯಮ ಇವತ್ತು ಎಲ್ಲ ಆರೋಗ್ಯ ಕೇಂದ್ರಗಳಿಗೂ ಗೊತ್ತು. ಕಫದಲ್ಲಿ ಏನೂ ಕಾಣದಿದ್ದರೆ? ಕಲ್ಲು ಕೊರೆಯುವ, ಅದಿರು ಪುಡಿ ಮಾಡುವ, ಕುಲುಮೆಯ ಇಟ್ಟಿಗೆ ಒಡೆಯುವ ಕೆಲಸದಲ್ಲಿ ಸಿಲಿಕಾ ದೂಳು ಒಳಗೆ ಹೋದವರಿಗೆ ಸಿಲಿಕೋಸಿಸ್ ಆಗುತ್ತದೆ. ಮೊದಲು ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ದಮ್ಮು, ಆಮೇಲೆ ಸಮತಟ್ಟು ನೆಲದ ಮೇಲೂ ದಮ್ಮು, ಮೈ ಇಳಿಯುವುದು. ಎಕ್ಸ್‌ರೇಯಲ್ಲಿ ನೋಡಿದರೆ ಕ್ಷಯದ ಹಾಗೆಯೇ ಕಾಣಬಹುದು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಾಧ್ಯತೆಯೂ ಹೆಚ್ಚು. ಹಾಗಾಗಿ ದೇಶದ ಕಲ್ಲುಗಣಿಗಳ ಕಡೆ ಎಷ್ಟೋ ಕಾರ್ಮಿಕರು ಮತ್ತೆ ಮತ್ತೆ ಕ್ಷಯದ ಮಾತ್ರೆ ನುಂಗಿ, ರೋಗದ ನಿಜವಾದ ಹೆಸರು ತಿಳಿಯದೆ ತೀರಿಕೊಂಡಿದ್ದಾರೆ. ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. ದೂಳಿನಿಂದ ಬೇಗ ಹೊರಗೆ ತರುವುದೊಂದೇ ದಾರಿ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದು ವೈದ್ಯರು ವರದಿ ಮಾಡಲೇಬೇಕಾದ ರೋಗ, ಪರಿಹಾರಕ್ಕೆ ದಾರಿ ಮಾಡುವ ರೋಗ. ‘ಕೂಲಿ’ ಎಂದು ಬರೆದ ಚೀಟಿಯಿಂದ ಆ ವರದಿ ಹುಟ್ಟಲಾರದು.

ಹಾರುಬೂದಿಯೇ ಇಲ್ಲಿನ ಪ್ರತಿ ಕೆಮ್ಮಿಗೂ ಕಾರಣ ಎಂದು ನಾನು ಹೇಳುತ್ತಿಲ್ಲ. ಒಲೆಯ ಹೊಗೆ ಇದೆ, ಬೀಡಿ ಇದೆ, ಭತ್ತದ ಗಿರಣಿಯ ದೂಳಿದೆ, ಮಕ್ಕಳಿಗೆ ಅಸ್ತಮಾ ಇದೆ. ಯಾವುದು ಎಷ್ಟು ಎಂದು ತಿಳಿಯಬೇಕಾದರೆ ಬರೆದಿಡಬೇಕು, ಬರೆದದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಬರೆದಿಡದಿರುವುದರಿಂದ ಅನುಕೂಲ ಆಗುವುದು ದೂಳು ಎಬ್ಬಿಸುವವರಿಗೆ ಮಾತ್ರ.

ಪಕ್ಕ ಪಕ್ಕ ಇಟ್ಟು ನೋಡುವುದು ಎಷ್ಟು ದೊಡ್ಡ ಮಾತು ಎಂಬುದನ್ನು ಬಳ್ಳಾರಿ ಮರೆಯಬಾರದ ರೀತಿಯಲ್ಲಿ ಕಲಿತಿದೆ. 2024ರ ನವೆಂಬರ್‌ನಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಹಲವರ ಆರೋಗ್ಯ ಒಬ್ಬರ ಹಿಂದೊಬ್ಬರಂತೆ ಕೆಟ್ಟಿತು. ಮೂತ್ರಪಿಂಡ ಕೈಕೊಟ್ಟಿತು, ಒಂದೊಂದೇ ಅಂಗ ಸೋತಿತು. ಐವರು ತಾಯಂದಿರು ತೀರಿಕೊಂಡರು. ಒಬ್ಬರದನ್ನಷ್ಟೇ ನೋಡಿದ್ದರೆ ಹೆರಿಗೆಯ ತೊಡಕು ಎಂದು ಬರೆದು ಮುಗಿಸಬಹುದಿತ್ತು. ಒಟ್ಟಿಗೆ ನೋಡಿದಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ಆ ತಯಾರಕರ ದ್ರಾವಣದ ಬಳಕೆಯನ್ನು ರಾಜ್ಯದಲ್ಲೆಲ್ಲ ತಡೆಹಿಡಿಯಲಾಯಿತು. ಜೀವಗಳು ಹೋದ ಮೇಲೆ ಕಂಡದ್ದು ಮೊದಲೇ ಕಾಣುವಂತಾಗಲು ದಾಖಲೆ ಬೇಕು, ಅದನ್ನು ಓದುವ ಕಣ್ಣೂ ಬೇಕು.

ಹಾಗಾದರೆ ಏನು ಮಾಡಬೇಕು? ಕುಡತಿನಿ, ತೋರಣಗಲ್ಲು, ಸಂಡೂರು, ಕುರುಗೋಡು, ಸಿರುಗುಪ್ಪದ ಆರೋಗ್ಯ ಕೇಂದ್ರಗಳ ಹೊರರೋಗಿ ಚೀಟಿಯಲ್ಲಿ ಮೂರು ಸಾಲು ಸೇರಲಿ: ಏನು ಕೆಲಸ, ಎಷ್ಟು ವರ್ಷದಿಂದ, ಕುಡಿಯುವ ನೀರು ಎಲ್ಲಿಯದು. ಮನೆಮನೆಗೆ ಹೋಗಿ ಬಿ.ಪಿ., ಸಕ್ಕರೆ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ ಈ ಭಾಗದಲ್ಲಿ ಕೆಮ್ಮು, ದಮ್ಮಿನ ಜೊತೆ ದೂಳಿನ ಕೆಲಸದ ಪ್ರಶ್ನೆಯನ್ನೂ ಕೇಳಲಿ. ಆಶಾ ತರಬೇತಿಯಲ್ಲಿ ಅಂಗವ್ಯೂಹದ ಪಾಠ ಮುಗಿದ ಮೇಲೆ ಇನ್ನೊಂದು ಪಾಠ ಇರಲಿ. ‘ಗ್ಯಾಸ್’, ‘ದಮ್ಮು’, ‘ನಿಶ್ಶಕ್ತಿ’, ‘ವಾಯು’, ‘ಜೋಮು’ ಎಂಬ ಜನರ ಮಾತುಗಳಿಂದಲೇ ಅದು ಶುರುವಾಗಲಿ. ಪ್ರತಿ ಮಾತಿನ ಹಿಂದೆ ಯಾವ ಯಾವ ಅಂಗ ಅಡಗಿರಬಹುದು, ಯಾವುದಕ್ಕೆ ನಾಳೆಯವರೆಗೆ ಕಾಯಬಹುದು, ಯಾವುದಕ್ಕೆ ಈಗಲೇ 108ಕ್ಕೆ ಕರೆ ಮಾಡಬೇಕು ಎಂಬುದನ್ನು ಹೇಳಿಕೊಡಲಿ. ಡಿ.ಎಸ್. ಶಿವಪ್ಪ, ಅನುಪಮಾ ನಿರಂಜನ ಅವರಂಥ ವೈದ್ಯರು ಕನ್ನಡದಲ್ಲಿ ವೈದ್ಯವನ್ನು ಹೇಳಬಹುದು ಎಂದು ತೋರಿಸಿಕೊಟ್ಟಿದ್ದಾರೆ. ಈಗ ಬೇಕಿರುವುದು ಬಳ್ಳಾರಿ ಮಾತಿನ ನಾಲ್ಕು ಪುಟ. ಜೊತೆಗೆ ಹೊರರಾಜ್ಯದ ಕಾರ್ಮಿಕರಿಗಾಗಿ ಅದರ ಹಿಂದಿ ಪ್ರತಿ.

ಹಣದ ಮಾತು ಬಂದೀತು. ಗಣಿಬಾಧಿತ ಪ್ರದೇಶಗಳಿಗಾಗಿ 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ರಚಿಸಿದಾಗ, ನಿಧಿಯ ಕನಿಷ್ಠ ಶೇ 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಾಲಿನ್ಯ ತಡೆಯಂಥ ಆದ್ಯತೆಗಳಿಗೇ ಖರ್ಚು ಮಾಡಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳಿತು. ಕಬ್ಬಿಣದ ಅದಿರಿನ ಬಳ್ಳಾರಿಗೆ ಆ ನಿಧಿ ಇದೆ. ಚೀಟಿಯ ಮೇಲೆ ಮೂರು ಸಾಲು ಅಚ್ಚು ಹಾಕಲು, ಕುಡತಿನಿಗೆ ಒಂದು ಶ್ವಾಸಕೋಶ ಸಾಮರ್ಥ್ಯ ಅಳೆಯುವ ಯಂತ್ರ ಕೊಡಲು, ಎಕ್ಸ್‌ರೇಯಲ್ಲಿ ದೂಳಿನ ರೋಗ ಗುರುತಿಸುವ ತರಬೇತಿಯನ್ನು ನಾಲ್ವರು ವೈದ್ಯರಿಗೆ ಕೊಡಿಸಲು ಅದರಲ್ಲಿ ಬೇಕಾಗುವುದು ಬಹಳ ಸಣ್ಣ ಪಾಲು. ಈ ಕೆಲಸವನ್ನು ಜಿಲ್ಲಾಡಳಿತ ಮತ್ತು ಬಳ್ಳಾರಿಯ ವೈದ್ಯಕೀಯ ಕಾಲೇಜು ಸೇರಿ ಈ ವರ್ಷವೇ ಶುರು ಮಾಡಬಹುದು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ನೀವಾಗಲಿ, ನಿಮ್ಮ ಮನೆಯವರಾಗಲಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳದಿದ್ದರೂ ಮೊದಲು ಇಷ್ಟು ಹೇಳಿ: ನಾನು ಇಂಥ ಕಡೆ ಇಂಥ ಕೆಲಸ ಮಾಡುತ್ತೇನೆ, ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ, ಈ ನೀರು ಕುಡಿಯುತ್ತೇನೆ. ಅದನ್ನು ಚೀಟಿಯಲ್ಲಿ ಬರೆಸಿಕೊಂಡೇ ಎದ್ದುಬನ್ನಿ, ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.